ಏಳನೇ ಫೀಡರಿನ ಪಿಸುಮಾತು

ಹನ್ನೊಂದು ಗಂಟೆಗೆ ಸರಿಯಾಗಿ ವೆಬಿನಾರ್ ಶುರುವಾಯಿತು. ಹನ್ನೊಂದು ಗಂಟೆ ಎರಡು ನಿಮಿಷಕ್ಕೆ ಮೊದಲ ಬೈಗುಳ ಬಿತ್ತು.

“ಯಾವನಲೇ ಅವ, ನಮ್ಮ ಫೀಡರಿಗೆ ಕೈ ಹಾಕಾವ? ಗಿರಣಿ ನಿಂತ್ರ ನಾಳೆ ಗಂಗಾಳದಾಗ ಮಣ್ಣು ನೀಡ್ಕೋತೀರೇನು?”

ಎರಡನೇ ಫೀಡರಿನ ಅಕ್ಕಿ ಗಿರಣಿಯ ಪರವಾಗಿ ಕೂಗುತ್ತಿದ್ದವನು ತಿಪ್ಪಣ್ಣ. ಮೂವತ್ತು ವರ್ಷ ದೊಡ್ಡಾಟದಲ್ಲಿ ರಾಕ್ಷಸನ ಪಾತ್ರ ಕಟ್ಟಿದವನು. ಹೋದ ಬೇಸಿಗೆಯಲ್ಲಿ ಗಿರಣಿಯವರು ಅವನನ್ನು ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಇಟ್ಟುಕೊಂಡಿದ್ದರು. ಅವನ ಸಂಪರ್ಕವೆಲ್ಲ ಹೀಗೆಯೇ.

ಕರೇಕಲ್ಲೂರಿನ ವಿದ್ಯುತ್ ಹಂಚಿಕೆ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಸರ್ವಮಂಗಳಾ ಹೆಡ್‌ಫೋನನ್ನು ಕಿವಿಯಿಂದ ಎರಡು ಬೆರಳು ದೂರ ಹಿಡಿದಳು. ಎದುರಿನ ಪರದೆಯ ಮೇಲೆ ಒಂಬತ್ತು ಕಂಬಗಳಿದ್ದವು, ಊರಿಗೆ ಕರೆಂಟು ಹಂಚುವ ಒಂದೊಂದು ಫೀಡರಿಗೆ ಒಂದೊಂದು. ತಿಪ್ಪಣ್ಣ ಬಾಯಿ ತೆರೆದಂತೆ ಎರಡನೇ ಕಂಬ ಜ್ವರ ನೋಡುವ ಕಡ್ಡಿಯ ಪಾದರಸದ ಹಾಗೆ ಮೇಲೇರಿತು. ಪರದೆಯ ಮೂಲೆಯಲ್ಲಿ ರಾಜಧಾನಿಯ ತಜ್ಞರೊಬ್ಬರು ಬಿಸಿಗಾಳಿ ಮತ್ತು ಪ್ರಾದೇಶಿಕ ಶಕ್ತಿ ನೀತಿಯ ಬಗ್ಗೆ ಚಿತ್ರಗಳನ್ನು ತೋರಿಸುತ್ತಿದ್ದರು. ಅವರ ಮಾತು ಯಾರಿಗೂ ಬೇಕಿರಲಿಲ್ಲ.

ಯಂತ್ರಕ್ಕೆ ಸರ್ಕಾರ ಇಟ್ಟ ಹೆಸರು ಜನಾಭಿಪ್ರಾಯ ತೂಕಯಂತ್ರ. ಊರಿನವರ ಬಾಯಲ್ಲಿ ಅದು ಸಿಟ್ಟಿನ ಮೀಟರು. ಬೇಸಿಗೆಯಲ್ಲಿ ನದಿಯ ನೀರು ಕಾದು, ಶಾಖೋತ್ಪನ್ನ ಸ್ಥಾವರವನ್ನು ತಂಪು ಮಾಡಲು ಸಾಲದೆ, ಅರ್ಧ ಘಟಕಗಳು ನಿಂತುಬಿಡುತ್ತಿದ್ದವು. ಹಾಗಾಗಿ ದಿನಕ್ಕೊಂದು ಫೀಡರಿಗೆ ಮಧ್ಯಾಹ್ನ ಎರಡರಿಂದ ಐದರವರೆಗೆ ಕರೆಂಟು ತೆಗೆಯಬೇಕು. ಯಾವ ಫೀಡರು ಎಂಬುದನ್ನು ಜನರೇ ಹೇಳಲಿ ಎಂದು ವೆಬಿನಾರ್ ಬಂತು. ಮೊದಲು ಮತ ಎಣಿಸಿದರು. ಒಬ್ಬೊಬ್ಬರು ಹತ್ತು ಸಿಮ್ ಇಟ್ಟುಕೊಂಡರು. ಆಮೇಲೆ ಕಾರಣಗಳನ್ನು ತೂಗಿದರು. ಉಳ್ಳವರು ವಕೀಲರಿಂದ ಬರೆಸಿಕೊಂಡು ಬಂದು ಓದಿದರು. ಕೊನೆಗೆ ಯಾರೋ ವಿಜ್ಞಾನಿಗಳು, ಕಂಠದ ನಡುಕವನ್ನೂ ಎರಡು ಮಾತಿನ ನಡುವಿನ ಉಸಿರನ್ನೂ ಅಳೆದು ನಿಜವಾದ ಸಂಕಟವನ್ನು ಗುರುತಿಸುವ ಈ ಯಂತ್ರ ಮಾಡಿದರು. ಯಾವ ಫೀಡರಿನ ಕಂಬ ಎಲ್ಲಕ್ಕಿಂತ ಕೆಳಗೆ ನಿಂತಿತೋ ಅವತ್ತು ಅದರ ಕರೆಂಟು ಹೋಗುತ್ತಿತ್ತು. ಯಂತ್ರದ ಮುಂದೆ ನಟನೆ ನಡೆಯುವುದಿಲ್ಲ. ತಿಪ್ಪಣ್ಣನೂ ನಟಿಸುತ್ತಿರಲಿಲ್ಲ, ಬಣ್ಣ ಹಚ್ಚುವಾಗಲೇ ಸಿಟ್ಟನ್ನು ಮೈಮೇಲೆ ಬರಿಸಿಕೊಂಡು ರೂಢಿಯಾದವನು, ಅಷ್ಟೇ.

ಮೊದಲ ವರ್ಷ ಯಂತ್ರ ನೊಂದವರ ದನಿಯನ್ನು ನಿಜವಾಗಿಯೂ ಮೇಲೆತ್ತಿತು. ಎರಡನೇ ವರ್ಷ ಊರು ಪಾಠ ಕಲಿಯಿತು: ಯಂತ್ರದಲ್ಲಿ ಅಳುವಿಗಿಂತ ಸಿಟ್ಟೇ ಹೆಚ್ಚು ತೂಗುತ್ತದೆ. ಬೆಳಿಗ್ಗೆ ಎದ್ದು ಸಿಟ್ಟು ಕಾಯಿಸಿಕೊಳ್ಳುವುದು ನೀರು ಕಾಯಿಸಿಕೊಂಡಷ್ಟೇ ಸಹಜವಾಯಿತು. ಅತ್ತೆ ಸೊಸೆಯರು ಹಳೆಯ ಜಗಳಗಳನ್ನು ಹತ್ತೂವರೆಗೆ ನೆನಪಿಸಿಕೊಂಡರು. ವೆಬಿನಾರ್ ಮುಗಿದ ಮೇಲೆ ಆ ಸಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ, ಪಡಿತರದ ಸಾಲಿನಲ್ಲಿ, ಶಾಲೆಯ ಗೇಟಿನಲ್ಲಿ ಅದು ಸಂಜೆವರೆಗೂ ಉರಿಯುತ್ತಿತ್ತು.

“ಏಳನೇ ಫೀಡರ್, ಮಾತಾಡ್ರಿ. ನಿಮ್ಮದು ಎರಡು ನಿಮಿಷ,” ಎಂದರು ಇಂಜಿನಿಯರ್ ವಿಶ್ವಾರಾಧ್ಯ.

ಹೆಡ್‌ಫೋನಿನಲ್ಲಿ ಪಿಸುಮಾತೊಂದು ಬಂತು. “ಸಾಹೇಬ್ರ... ನಮ್ಮ ಓಣ್ಯಾಗ ಕೂಸು ಐತ್ರಿ. ಇವತ್ತೊಂದಿನ ಬಿಡ್ರಿ.” ಇನ್ನೊಂದು ಪಿಸುದನಿ, ಗಂಡಸಿನದು, ಬೇರೆಯದೇ ಕೇಳಿತು. “ಊರ ಹೊರಗ ನಮ್ಮ ಹೊಲದಾಗ ಸೋಲಾರ್ ಹಾಕ್ಯಾರ. ಆ ಕರೆಂಟು ನಮಗ್ಯಾಕ ಬರಂಗಿಲ್ರಿ?”

ತಜ್ಞರು ನಕ್ಕರು. “ಒಳ್ಳೆಯ ಪ್ರಶ್ನೆ. ಆದರೆ ಆ ವಿದ್ಯುತ್ತು ನಗರಗಳ ಜೊತೆ ಮೊದಲೇ ಆದ ಕರಾರಿಗೆ ಸೇರಿದ್ದು. ಇವತ್ತಿನ ವೆಬಿನಾರಿನ ವ್ಯಾಪ್ತಿಗೆ ಬರುವುದಿಲ್ಲ.”

ಏಳನೇ ಕಂಬ ನೆಲ ಬಿಟ್ಟು ಏಳಲಿಲ್ಲ. ಸತತ ನಾಲ್ಕನೆಯ ದಿನ.

ಸರ್ವಮಂಗಳಾಳಿಗೆ ಆ ಓಣಿ ಗೊತ್ತು. ಅವಳ ಮನೆಯೂ ಅಲ್ಲಿಯೇ. ಏಳನೇ ಫೀಡರಿನ ಮನೆಗಳೆಲ್ಲ ಆ ಒಂದೇ ಓಣಿಯವು. ಓಣಿಯಲ್ಲಿ ಕೂಸು ಹುಟ್ಟಿದರೆ ಓಣಿಯ ಬಾಯಿಗೆ ಬೇವಿನ ತೊಪ್ಪಲು ಕಟ್ಟುತ್ತಾರೆ. ತೊಟ್ಟಿಲಿಗೆ ಹಾಕುವವರೆಗೆ ಇಪ್ಪತ್ತೊಂದು ದಿನ ಅಲ್ಲಿ ಯಾರೂ ದನಿ ಎತ್ತುವುದಿಲ್ಲ. ತೊಪ್ಪಲು ಕಂಡರೆ ತರಕಾರಿಯವನು ಗಾಡಿಯ ಮೈಕು ಬಂದ್ ಮಾಡುತ್ತಾನೆ. ಹೆಂಗಸರು ರೊಟ್ಟಿ ಬಡಿಯುವುದಿಲ್ಲ, ಸದ್ದಾಗುತ್ತದೆಂದು ಚಪಾತಿ ಲಟ್ಟಿಸುತ್ತಾರೆ. ಊರೆಲ್ಲ ಕಿರುಚುವ ಹನ್ನೊಂದು ಗಂಟೆಗೂ ಓಣಿಯವರು ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಡುತ್ತಿದ್ದರು. ಬೇರೆ ಕಡೆ ಹೋಗಿ ಕೂಗೋಣವೆಂದರೆ ಅದೂ ಆಗದು. ಬಾಡಿಗೆ ಜನ ಬರಬಾರದೆಂದು, ಮನೆಯ ಮೀಟರಿನಿಂದ ಇಪ್ಪತ್ತು ಹೆಜ್ಜೆ ದಾಟಿದ ಫೋನಿನ ಮಾತನ್ನು ಯಂತ್ರ ತೆಗೆದುಕೊಳ್ಳುತ್ತಿರಲಿಲ್ಲ.

ಎರಡು ಗಂಟೆಗೆ ವಿಶ್ವಾರಾಧ್ಯ ಅವಳ ಹಿಂದೆ ಬಂದು ನಿಂತರು. “ಎರಡಾತು ಮೇಡಂ. ಒತ್ರಿ.”

ನಿರ್ಧಾರ ಯಂತ್ರದ್ದಾದರೂ ಕತ್ತರಿಸುವುದು ಮನುಷ್ಯರ ಬೆರಳೇ ಆಗಬೇಕೆಂದು ಕಾನೂನು. ಸರ್ವಮಂಗಳಾ ಗಾಜಿನ ಮೇಲೆ ಬೆರಳಿಟ್ಟಳು. ಏಳನೇ ಗೆರೆ ಕಪ್ಪಾಯಿತು. ಹೊರಗೆ ನಲವತ್ತಾರು ಡಿಗ್ರಿ ಇತ್ತು. ಕೊಠಡಿ ಮಾತ್ರ ತಂಪಾಗಿತ್ತು. ಆಸ್ಪತ್ರೆ, ಕಚೇರಿಗಳ ಜೊತೆ ಅದು ಒಂದನೇ ಫೀಡರಿನಲ್ಲಿತ್ತು. ಕಂಬ ಎಷ್ಟೇ ಕೆಳಗಿದ್ದರೂ ಒಂದನೆಯದನ್ನು ಯಾವತ್ತೂ ತೆಗೆಯುವುದಿಲ್ಲ.

ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯ ಕಟ್ಟೆಯ ಮೇಲೆ ಹುಲಿಗೆಮ್ಮ ಕೂತಿದ್ದಳು. ಸರ್ವಮಂಗಳಾ ಮದುವೆಯಾಗಿ ಈ ಓಣಿಗೆ ಬಂದಾಗ ಅವಳಿಗೆ ಒಲೆ ಹೂಡಿಕೊಟ್ಟವಳು ಇವಳು. ತುಂಗಾ ಹುಟ್ಟಿದಾಗ ಬಾಣಂತನ ಮಾಡಿದವಳೂ ಇವಳೇ. ಐದು ವರ್ಷದ ತುಂಗಾ ಈಗಲೂ ಹಗಲೆಲ್ಲ ಇಲ್ಲಿಯೇ ಇರುತ್ತಾಳೆ. ಹನ್ನೆರಡು ದಿನದ ಕೂಸು ಹುಲಿಗೆಮ್ಮನ ಮಗಳು ರತ್ನವ್ವನದು. ಹುಟ್ಟುವಾಗ ಒಂದು ಕಿಲೋ ಏಳುನೂರು ಗ್ರಾಂ.

“ಇವತ್ತೂ ನೀನ ಒತ್ತಿದೇನು?” ಹುಲಿಗೆಮ್ಮ ಪಿಸುಗುಟ್ಟಿದಳು.

“ಹೂಂ ದೊಡ್ಡವ್ವ.”

“ಬೆರಳು ನಡಗಲಿಲ್ಲೇನು?”

“ನಡಗಿದ್ರೂ ಒತ್ತಬೇಕಾಗತೈತಿ.”

“ಚಲೋ ಆತು ಬಿಡು. ಸರ್ಕಾರದ ಬೆರಳು ಅದು, ನಿಂದಲ್ಲ.” ಪಿಸುಮಾತಿನಲ್ಲಿಯೂ ಚುಚ್ಚುವುದನ್ನು ಅವಳು ಬಿಡಲಿಲ್ಲ. “ಒಳಗ ಬಾ, ನೋಡು ಬಾ.”

ಐದಕ್ಕೆ ಕರೆಂಟು ಬಂದು ಕೂಲರು ತಿರುಗುತ್ತಿದ್ದರೂ ಕೋಣೆಯ ಗೋಡೆ ಮುಟ್ಟಿದರೆ ಬಿಸಿಯಾಗಿತ್ತು. ರತ್ನವ್ವ ಒದ್ದೆ ಸೀರೆಯನ್ನು ಕಿಟಕಿಗೆ ಕಟ್ಟಿ, ಕೂಸನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಆಶಾ ಕಾರ್ಯಕರ್ತೆ ಕೊಟ್ಟುಹೋದ ಚೀಟಿಯಲ್ಲಿ ಕೋಣೆ ಮೂವತ್ತು ಡಿಗ್ರಿ ದಾಟಬಾರದೆಂದು ಬರೆದಿತ್ತು. ಮಧ್ಯಾಹ್ನ ಅದು ನಲವತ್ತು ಮುಟ್ಟಿತ್ತು. ಕೂಸಿನ ತುಟಿ ಒಣಗಿತ್ತು. ಎರಡು ಸಲ ಹಾಲು ಚೀಪಿ ಸುಸ್ತಾಗಿ ಬಿಟ್ಟುಬಿಡುತ್ತಿತ್ತು.

“ದವಾಖಾನಿಗೆ?”

“ಹೋಗಿದ್ವಿ. ಒಂದೊಂದು ಮಂಚಕ್ಕ ಮೂರು ಮೂರು ಮಂದಿ, ಬಿಸಲು ಬಡದವ್ರು. ಇಲ್ಲಿ ಇಟ್ರ ಬ್ಯಾರೇ ರೋಗ ಹತ್ತತೈತಿ, ಮನ್ಯಾಗ ತಂಪ ಇಡ್ರಿ ಅಂದ್ರು. ತಂಪ ಎಲ್ಲಿಂದ ತರೂಣು?” ಎಂದಳು ಹುಲಿಗೆಮ್ಮ.

ಸರ್ವಮಂಗಳಾ ಕೂಸಿನ ಅಂಗಾಲಿಗೆ ಬೆರಳಿಟ್ಟು ನೋಡಿದಳು. ಹನ್ನೆರಡು ದಿನದ ಅಂಗಾಲು, ಅವಳ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಮಧ್ಯಾಹ್ನ ಗಾಜಿನ ಮೇಲೆ ಇಟ್ಟದ್ದೂ ಅದೇ ಹೆಬ್ಬೆರಳು.

“ದೊಡ್ಡವ್ವ, ನಾಳೆ ಬೈರಿ. ಎಲ್ಲಾರೂ ಬೈರಿ. ಪಿಸುಪಿಸು ಅಂದ್ರ ಆ ಮಶಿನ್ನಿಗೆ ಕೇಳಂಗಿಲ್ಲ.”

“ಬಾಣಂತಿ ಓಣ್ಯಾಗ ಬೈಗುಳ? ಕೂಸಿನ ಕಿವಿಗೆ ಮೊದಲ ಬೀಳೂದು ಅದೇನು?”

“ಕಿವಿ ಉಳಿಬೇಕಲ್ಲ ಮೊದಲ.”

ಹುಲಿಗೆಮ್ಮ ಗೂಡಿನಿಂದ ಸ್ಟೀಲಿನ ಡಬ್ಬಿಯೊಂದನ್ನು ತೆಗೆದು ತುಂಗಾಳ ಕೈಗೆ ಕೊಟ್ಟಳು. ಬಾಣಂತಿಗೆ ಕಟ್ಟಿದ ಅಂಟಿನುಂಡಿ. “ನಿಮ್ಮವ್ವಗ ಕೊಡಬ್ಯಾಡ. ನೀನ ತಿನ್ನು,” ಎಂದಳು.

ಮರುದಿನ ಓಣಿಯವರು ಪ್ರಯತ್ನಪಟ್ಟರು. ಹುಲಿಗೆಮ್ಮ ಕಟ್ಟೆಗೆ ಬಂದು, “ಹಾಳಾಗಿ ಹೋಗ್ರಿ, ನಿಮ್ಮ ಬಾಯಿಗೆ ಹುಳ ಬೀಳ್ಲಿ,” ಎಂದಳು. ಅರ್ಧಕ್ಕೆ ಒಳಗೆ ತಿರುಗಿ ನೋಡಿ ದನಿ ಇಳಿಸಿದಳು. ನಿಯಂತ್ರಣ ಕೊಠಡಿಯಲ್ಲಿ ಏಳನೇ ಕಂಬ ಒಂದು ಗೆರೆ ಏರಿ ಮತ್ತೆ ಕುಸಿಯಿತು.

“ಏನ್ ಮೇಡಂ, ನಿಮ್ಮ ಓಣಿಯವರು ಬೈಯಾಕ ಬಂದಾರೋ, ಲಾಲಿ ಹಾಡಾಕ ಬಂದಾರೋ?” ವಿಶ್ವಾರಾಧ್ಯ ಪರದೆ ನೋಡುತ್ತ ಅಂದರು. “ಹೇಳಿಕೊಟ್ಟು ಬೈಸಿದ್ರ ಇದು ಒಪ್ಪಂಗಿಲ್ಲ. ನಿಜವಾದ ಸಿಟ್ಟು ಬೇಕು. ಅದೂ ಸರ್ಕಾರದ ಮ್ಯಾಲೆ, ಗಾಳಿ ಮ್ಯಾಲೆ ಅಂದ್ರ ಬರಂಗಿಲ್ಲ. ಎದುರಿಗೆ ಒಬ್ಬ ಮನಷ್ಯಾ ಬೇಕು, ಹೆಸರು ಹಿಡದು ಬೈಯಾಕ.”

“ಸರ್, ಒಂದೇ ಒಂದು ದಿನ ಬ್ಯಾರೇ ಫೀಡರು...”

“ಯಾವುದು? ನೀವ ಹೇಳ್ರಿ. ಮೂರನೇದ್ದಾ? ಒಂಬತ್ತನೇದ್ದಾ? ಅಲ್ಲಿಯವರು ನಾಳೆ ಬಂದು ನನ್ನ ಕೊಳ್ಳಪಟ್ಟಿ ಹಿಡೀತಾರ. ಒತ್ರಿ.”

ಒತ್ತಿದಳು. ಅವತ್ತು ಸಂಜೆ ಕೂಸಿಗೆ ಜ್ವರ. ಹಾಲನ್ನು ಚಮಚದಲ್ಲಿ ಬಿಟ್ಟರೆ ತುಟಿಯಂಚಿನಿಂದ ಹೊರಗೆ ಬಂತು. ಬಂದು ನೋಡಿದ ಆಶಾ ಕಾರ್ಯಕರ್ತೆ, ಇಂಥ ಇನ್ನೊಂದು ಮಧ್ಯಾಹ್ನ ಇದು ತಡೆಯುವುದಿಲ್ಲ ಎಂದು ಬಾಗಿಲ ಹೊರಗೆ ಹೇಳಿ ಹೋದಳು. ಅವತ್ತು ಹುಲಿಗೆಮ್ಮ ಯಾರನ್ನೂ ಚುಚ್ಚಲಿಲ್ಲ. ಅವಳಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ, ಬರೀ ಅಳು. ಅಳುವವರ ದನಿ ಮೀಟರಿನಲ್ಲಿ ಎಲ್ಲಿ ನಿಲ್ಲುತ್ತದೆಂದು ಸರ್ವಮಂಗಳಾಳಿಗೆ ಗೊತ್ತಿತ್ತು.

ಬೆಳಿಗ್ಗೆ ಆರಕ್ಕೆ ಅವಳು ಹಿಟ್ಟು ನಾದಿದಳು. ಗಂಡ ಸೋಲಾರ್ ಪಾರ್ಕಿನಲ್ಲಿ ಫಲಕ ಒರೆಸುವ ಪಾಳಿಗೆ ಆಗಲೇ ಹೋಗಿದ್ದ. ತುಂಗಾ ಚಾಪೆಯ ಮೇಲೆ ಕಣ್ಣುಜ್ಜುತ್ತ ಕೂತಿದ್ದಳು. ಲಟ್ಟಣಿಗೆಗೆ ಹೋದ ಕೈಯನ್ನು ಸರ್ವಮಂಗಳಾ ಹಿಂದೆ ತೆಗೆದುಕೊಂಡಳು. ರೊಟ್ಟಿ ಬಡಿಯುವ ಕೊಣಮಿಗೆಯ ಮೇಲೆ ಜೋಳದ ಹಿಟ್ಟಿನ ಮುದ್ದೆ ಇಟ್ಟು, ಅಂಗೈ ಎತ್ತಿ ಬಡಿದಳು. ಹದಿಮೂರು ದಿನದ ಮೌನದ ಮೇಲೆ ರೊಟ್ಟಿಯ ಸದ್ದು ಓಣಿಯ ತುದಿಯವರೆಗೆ ಕೇಳಿತು.

“ಅವ್ವಾ, ಕೂಸು ಏಳತೈತಿ,” ತುಂಗಾ ಪಿಸುಗುಟ್ಟಿದಳು.

“ಏಳ್ಲಿ.”

ನಾಲ್ಕು ರೊಟ್ಟಿ ಬಡಿದು ಕೈ ತೊಳೆಯದೆ ಹೊರಗೆ ಬಂದಳು. ಹೆಂಗಸರು ಕಸ ಹೊಡೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಹುಲಿಗೆಮ್ಮ ಬಾಗಿಲಲ್ಲಿದ್ದಳು. ಸರ್ವಮಂಗಳಾ ಓಣಿಯ ಬಾಯಿಗೆ ಹೋಗಿ, ತುದಿಗಾಲಲ್ಲಿ ನಿಂತು, ಬೇವಿನ ತೊಪ್ಪಲನ್ನು ದಾರ ಸಮೇತ ಕಿತ್ತಳು.

“ಏ ಮಂಗಳಾ!” ಯಾರೋ ಅಂದರು. “ಏನ್ ಮಾಡಾಕತ್ತೀಬೇ?”

ಹೇಳಬೇಕಾದ ಮಾತನ್ನು ಅವಳು ಹಿಟ್ಟು ನಾದುವಾಗ ನಾಲ್ಕು ಸಲ ಬಾಯಿಪಾಠ ಮಾಡಿದ್ದಳು. “ಊರಾಗ ನಿಮ್ಮದೊಂದ ಕೂಸು ಹುಟ್ಟೇತೇನು? ಅದರ ಸಲುವಾಗಿ ಓಣಿ ಮಂದಿ ಎಲ್ಲಾ ಬಾಯಾಗ ಬಟ್ಟಿ ತುರಕೊಂಡು ಕುಂದರಬೇಕೇನು? ಇರೂದಿದ್ರ ಇರತೈತಿ, ಹೋಗೂದಿದ್ರ ಹೋಗತೈತಿ.”

ತೊಪ್ಪಲನ್ನು ಚರಂಡಿಗೆ ಎಸೆದಳು. ಕೊನೆಯ ಮಾತು ಬಾಯಿಪಾಠದಲ್ಲಿ ಇರಲಿಲ್ಲ. ಅದು ಎಲ್ಲಿಂದ ಬಂತೋ, ಎರಡು ಬೇಸಿಗೆ ಇದೇ ಊರಿನಲ್ಲಿ ಕೂತು ಕೇಳಿದ್ದರ ಫಲವಿರಬೇಕು. ಹುಲಿಗೆಮ್ಮನ ಮುಖವನ್ನು ಅವಳು ನೋಡಲಿಲ್ಲ. ನೋಡಿದ್ದರೆ ಕಾಲು ಹಿಡಿದುಬಿಡುತ್ತಿದ್ದಳು.

ಅರ್ಧ ಗಂಟೆಯಲ್ಲಿ ತೊಪ್ಪಲಿಲ್ಲದ ಓಣಿಗೆ ತರಕಾರಿ ಗಾಡಿ ಮೈಕು ಹಾಕಿಕೊಂಡು ನುಗ್ಗಿತು. ಹಿಂದೆಯೇ ಹಳೆ ಪೇಪರಿನವನು ಬಂದ. ಕೂಸು ಎದ್ದು ಚೀರಿತು. ತುಂಗಾಳನ್ನು ಬಿಡಲು ಹೋದಾಗ ಪಕ್ಕದ ಮನೆಯ ಬಾಗಿಲು ಅವಳ ಮುಖದ ಮುಂದೆ ಮುಚ್ಚಿಕೊಂಡಿತು. ಮಗಳನ್ನು ಕರೆದುಕೊಂಡೇ ಸರ್ವಮಂಗಳಾ ಕೆಲಸಕ್ಕೆ ಹೋದಳು.

“ಇದೇನ್ ಅಂಗನವಾಡಿಯೇನ್ರಿ?” ಎಂದರು ವಿಶ್ವಾರಾಧ್ಯ.

“ಇವತ್ತೊಂದಿನ ಸರ್.”

ತುಂಗಾ ಮೇಜಿನ ಪಕ್ಕದಲ್ಲಿ ಪಾಟಿ ಹಿಡಿದು ಕೂತಳು. ತಂಪಿಗೆ ಅವಳ ತೋಳಿನ ರೋಮ ನಿಮಿರಿದವು.

ಹನ್ನೊಂದು. ತಿಪ್ಪಣ್ಣ ಗರ್ಜಿಸಿದ. ಐದನೇ ಫೀಡರಿನ ಐಸ್ ಫ್ಯಾಕ್ಟರಿಯವರು ಮೂರನೇ ಫೀಡರಿನವರ ವಂಶವನ್ನೆಲ್ಲ ಎಳೆದು ತಂದರು. ನಾಲ್ಕನೇ ಫೀಡರಿನಿಂದ ಒಬ್ಬ ಮೇಷ್ಟ್ರು ಅಂಕಿಅಂಶ ಓದಿದರು. ಅವರ ಕಂಬ ಮೊಣಕಾಲೆತ್ತರಕ್ಕೆ ನಿಂತಿತು. ತಜ್ಞರು ಇವತ್ತು ತಾರಸಿಗೆ ಬಿಳಿ ಸುಣ್ಣ ಬಳಿಯುವುದರ ಬಗ್ಗೆ ಹೇಳುತ್ತಿದ್ದರು.

“ಏಳನೇ ಫೀಡರ್.”

ಹುಲಿಗೆಮ್ಮನ ದನಿ ಬಂತು, ಪಿಸುಗುಡದೆ.

“ಮಂಗಳಾ! ಏ ಸರ್ವಮಂಗಳಾ! ಅಲ್ಲೇ ತಂಪಿನ್ಯಾಗ ಕುಂತೀಯಲ್ಲ, ಕೇಳು! ಒಲಿ ಹೂಡಿಕೊಟ್ಟ ಕೈ ಇದು. ನಿನ್ನ ಬಾಣಂತನ ಮಾಡಿದ ಕೈ ಇದು. ನಿನ್ನ ಮಗಳ ಹೇಲು ಬಳದ ಕೈ ಇದು! ನನ್ನ ಕೂಸಿನ ಬೇವಿನ ತೊಪ್ಪಲಾ ಗಟಾರಕ್ಕ ಒಗದೀಯೇನು? ಹೋಗೂದಿದ್ರ ಹೋಗತೈತಿ ಅಂದೀಯೇನು? ಹೆತ್ತಾಕಿ ಬಾಯಿಲೆ ಬರೂ ಮಾತೇನಬೇ ಅದು! ನಿನ್ನ ಬೆರಳು ಕೊಳತು ಹೋಗ್ಲಿ. ನನ್ನ ಕೂಸಿಗೆ ಏನರೆ ಆದ್ರ ನಿನ್ನ ಹೊಸ್ತಿಲಾ ಬಿಟ್ಟು ನಾ ಏಳಂಗಿಲ್ಲ, ತಿಳಕೋ!”

ಅವಳ ಹಿಂದೆ ಇಡೀ ಓಣಿ ಬಾಯಿ ಬಿಟ್ಟಿತು. ಹದಿಮೂರು ದಿನ ಗಂಟಲಲ್ಲಿ ಹಿಡಿದಿಟ್ಟಿದ್ದೆಲ್ಲ ಒಟ್ಟಿಗೇ ಹೊರಬಂತು. ಏಳನೇ ಕಂಬ ಮೇಷ್ಟ್ರ ಕಂಬವನ್ನು ದಾಟಿತು, ಐಸ್ ಫ್ಯಾಕ್ಟರಿಯನ್ನು ದಾಟಿತು, ತಿಪ್ಪಣ್ಣನನ್ನು ಹಿಂದೆ ಹಾಕಿ ಪರದೆಯ ಮೇಲಂಚಿಗೆ ಮುಟ್ಟಿ ನಿಂತಿತು.

“ಅಬ್ಬಬ್ಬಾ! ಯಾರವ್ವಾ ಈಕಿ?” ತಿಪ್ಪಣ್ಣನ ದನಿಯಲ್ಲಿ ಮೊದಲ ಬಾರಿಗೆ ರಾಕ್ಷಸ ಇರಲಿಲ್ಲ. “ನಮ್ಮ ಮೇಳಕ್ಕ ಬರ್ತೀಯೇನು?”

ಗದ್ದಲದ ತಳದಲ್ಲಿ ಇನ್ನೊಂದು ದನಿ ಇತ್ತು, ಸಣ್ಣಗೆ, ಬಿಕ್ಕಿ ಬಿಕ್ಕಿ. ಪರದೆಯ ಕೆಳಗೆ ಯಂತ್ರ ತನ್ನಷ್ಟಕ್ಕೆ ಬರೆದುಕೊಂಡಿತು: ಹಿನ್ನೆಲೆ ಸದ್ದು, ತೆಗೆದುಹಾಕಲಾಗಿದೆ. ಸರ್ವಮಂಗಳಾಳ ಹೆಡ್‌ಫೋನಿನಲ್ಲಿ ಅದು ಇನ್ನೂ ಕೇಳುತ್ತಿತ್ತು. ಅಳುವಷ್ಟು ಶಕ್ತಿ ಉಳಿದಿದೆ ಎಂದುಕೊಂಡಳು.

ತುಂಗಾ ಪಾಟಿ ಕೆಳಗಿಟ್ಟಿದ್ದಳು. ಹೆಡ್‌ಫೋನಿನಿಂದ ಹೊರಗೂ ದನಿ ಬರುತ್ತಿತ್ತು. “ಅವ್ವಾ, ಅಜ್ಜಿ ನಿನಗ ಬೈಯಾಕತ್ತಾಳೇನು?”

“ಹೂಂ ಪುಟ್ಟಿ.”

“ಭಾಳ ಸಿಟ್ಟಾಗ್ಯಾಳ.”

“ಹೂಂ. ಭಾಳ ಚಲೋ ಬೈಯಾಕತ್ತಾಳ.”

ವಿಶ್ವಾರಾಧ್ಯ ಪರದೆಯನ್ನೂ ಅವಳನ್ನೂ ಎರಡು ಸಲ ನೋಡಿದರು. ಏನೋ ಅರ್ಥವಾದಂತಾಯಿತು ಅವರಿಗೆ. ಎರಡು ಗಂಟೆಗೆ ಮಾತ್ರ ಎಂದಿನಂತೆ ಹಿಂದೆ ಬಂದು ನಿಂತರು. “ನಾಲ್ಕನೇದ್ದು ಮೇಡಂ. ಒತ್ರಿ.”

ಅಂಕಿಅಂಶ ಓದಿದ ಮೇಷ್ಟ್ರ ಫೀಡರು. ಆ ಕಡೆ ಯಾರ ಮನೆಯ ಕತ್ತಲೆ ಕೋಣೆಯಲ್ಲಿ ಯಾರು ಮಲಗಿದ್ದಾರೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಒಳ್ಳೆಯದಾಯಿತು ಎನ್ನಿಸಿತು. ಹಾಗೆ ಎನ್ನಿಸಿದ್ದಕ್ಕೆ ನಾಚಿಕೆಯಾಯಿತು. ಬೆರಳಿಟ್ಟಳು.

“ಸಿಟ್ಟು ಒಂದ ದಿನದ ಮಾಲು, ಮೇಡಂ,” ಹೋಗುವ ಮುಂಚೆ ವಿಶ್ವಾರಾಧ್ಯ ಮೆಲ್ಲಗೆ ಹೇಳಿದರು. “ನಾಳೆ ಅದ ಮಾತಿಗೆ ಇಷ್ಟು ಏರಂಗಿಲ್ಲ.”

ಸಂಜೆ ಓಣಿಯ ಬಾಯಿಯಲ್ಲಿ ಹೊಸ ಬೇವಿನ ತೊಪ್ಪಲಿತ್ತು, ಮೊದಲಿಗಿಂತ ದೊಡ್ಡದು, ತಂತಿಯಿಂದ ಬಿಗಿದದ್ದು. ಅದರ ಕೆಳಗೆ ಇಬ್ಬರು ಹೆಂಗಸರು ಮಣೆ ಹಾಕಿಕೊಂಡು ಕಾವಲು ಕೂತಿದ್ದರು. ಸರ್ವಮಂಗಳಾ ಬಂದಾಗ ಒಬ್ಬಳು ನೆಲಕ್ಕೆ ಉಗುಳಿದಳು. ಸದ್ದಾಗದ ಹಾಗೆ, ಕೂಸು ಮಲಗಿತ್ತಲ್ಲ. ತುಂಗಾ ತಾಯಿಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಒಳಗೆ ಬಂದು ಬಾಗಿಲು ಹಾಕಿ, ಸರ್ವಮಂಗಳಾ ನಡುಗೋಡೆಗೆ ಕಿವಿ ಹಚ್ಚಿದಳು. ಗೋಡೆ ತಣ್ಣಗಿತ್ತು. ಆಚೆ ಕೂಲರು ಗುಂಯ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ರತ್ನವ್ವನ ದನಿ ಕೇಳಿತು. “ಯವ್ವಾ, ನೋಡ ಬಾರಬೇ, ಬಿಡವಲ್ದು. ಎಳದ ಕುಡ್ಯಾಕತ್ತೈತಿ.” ಹುಲಿಗೆಮ್ಮನ ನಗು, ಎಷ್ಟೋ ದಿನದ ಮೇಲೆ.

ನಗುವವಳಿಗೆ ನಾಳೆ ಹನ್ನೊಂದಕ್ಕೆ ಸಿಟ್ಟು ಎಲ್ಲಿಂದ ಬರಬೇಕು?

ತೊಟ್ಟಿಲಿಗೆ ಇನ್ನೂ ಏಳು ದಿನ. ಅಷ್ಟರಲ್ಲಿ ಕೂಸು ಎರಡು ಕಿಲೋ ದಾಟಿದರೆ ಬಿಸಿಲನ್ನು ತಡೆದೀತು ಎಂದಿದ್ದಳು ಆಶಾ ಕಾರ್ಯಕರ್ತೆ. ಏಳು ದಿನಕ್ಕೆ ಏಳು ಸಲ. ಹೇಳಿ ಮಾಡಿಸುವಂತಿಲ್ಲ, ಹೇಳಿದರೆ ಸಿಟ್ಟು ಸತ್ತುಹೋಗುತ್ತದೆ. ಆಮೇಲೆ ಎಂದಾದರೂ ಹೇಳಬಹುದೇ? ಹೇಳಿದರೆ ನಂಬುವ ಬಾಗಿಲು ಆಗ ತೆರೆದಿರುತ್ತದೆಯೇ? ಅಷ್ಟು ದೂರ ಅವಳು ಯೋಚಿಸಲಿಲ್ಲ. ಪಾತ್ರೆ ತಿಕ್ಕಲು ಕೂತಳು.

ಪಾತ್ರೆಗಳ ನಡುವೆ ಹುಲಿಗೆಮ್ಮನ ಸ್ಟೀಲಿನ ಡಬ್ಬಿ ಇತ್ತು. ಉಂಡಿ ತಿಂದು ಮುಗಿಸಿ ತುಂಗಾ ಅದನ್ನು ಬೆರಳಿನಿಂದ ಬಳಿದಿಟ್ಟಿದ್ದಳು. ಬಾಣಂತಿ ಮನೆಯಿಂದ ಬಂದ ಡಬ್ಬಿಯನ್ನು ಈ ಓಣಿಯಲ್ಲಿ ಯಾರೂ ಬರಿದಾಗಿ ಹಿಂತಿರುಗಿಸುವುದಿಲ್ಲ. ಒಂದು ಹಿಡಿ ಅಕ್ಕಿಯೋ, ಬೆಲ್ಲದ ಚೂರೋ ಹಾಕಿಯೇ ಕೊಡಬೇಕು. ಬರಿದು ಕೊಟ್ಟರೆ ಕೂಸಿನ ಹೊಟ್ಟೆ ಬರಿದಾಗಲಿ ಎಂದ ಹಾಗೆ.

ಸರ್ವಮಂಗಳಾ ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿ, ಮೂರು ನೀರಿನಲ್ಲಿ ತೊಳೆದು, ಸೆರಗಿನಿಂದ ಒಳಗೂ ಹೊರಗೂ ಒರೆಸಿದಳು. ಅವಳ ಕೈ ತಾನಾಗಿಯೇ ಮೇಲಿನ ಗೂಡಿಗೆ ಹೋಗಿ, ಬೆಲ್ಲದ ಚೂರೊಂದನ್ನು ತೆಗೆದು, ಡಬ್ಬಿಯಲ್ಲಿ ಇಟ್ಟಿತು. ಅವಳು ಅದನ್ನು ನೋಡುತ್ತ ನಿಂತಳು. ಆಮೇಲೆ ಚೂರನ್ನು ಹೊರಗೆ ತೆಗೆದು, ಡಬ್ಬಿಯ ತಳವನ್ನು ಮತ್ತೊಮ್ಮೆ ಒರೆಸಿ, ಮುಚ್ಚಳ ಹಾಕಿ, ಬೆಳಿಗ್ಗೆ ಕೈಗೆ ಸಿಗುವಂತೆ ಬಾಗಿಲ ಪಕ್ಕದಲ್ಲಿ ಇಟ್ಟಳು.